ಅಮೆರಿಕದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನವಾದ ನಾಲ್ಕೇ ದಿನಕ್ಕೆ ಊರಿನ ಕಪ್ಪು ಜನರೆಲ್ಲ ಬಸ್ ಹತ್ತುವುದನ್ನೇ ಬಿಟ್ಟಿದ್ದು ಹೇಗೆ?

ಹೆಂಗಸರು ಮೊದಲೇ ತಯಾರಾಗಿದ್ದರು, ಅದಕ್ಕೆ. ಅಲಬಾಮಾದ ಮಾಂಟ್ಗೊಮರಿಯಲ್ಲಿ ಕಪ್ಪು ಮಹಿಳೆಯರದೇ ಒಂದು ಸಂಘ ಇತ್ತು, ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್ ಅಂತ. ಬಸ್ಸಿನಲ್ಲಿ ಆಗುವ ಅವಮಾನ ನಿಲ್ಲದಿದ್ದರೆ ಬಹಿಷ್ಕಾರ ಆಗಬಹುದು ಅಂತ 1954ರಲ್ಲೇ ಮೇಯರ್‌ಗೆ ಪತ್ರ ಬರೆದಿದ್ದರು. 1955ರ ಡಿಸೆಂಬರ್ 1ರಂದು, ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ ಅಂತ ರೋಸಾ ಅವರನ್ನು ಬಂಧಿಸಿದರು. ಅದೇ ರಾತ್ರಿ ಸಂಘದ ಅಧ್ಯಕ್ಷೆ ಜೋ ಆನ್ ರಾಬಿನ್ಸನ್, ಇಂಗ್ಲಿಷ್ ಕಲಿಸುತ್ತಿದ್ದವರು, ತಮ್ಮ ಕಾಲೇಜಿನ ಸೈಕ್ಲೋಸ್ಟೈಲ್ ಮಶಿನ್ ಮುಂದೆ ನಿಂತು ಬೆಳಗಾಗುವಷ್ಟರಲ್ಲಿ ಬಸ್ ಹತ್ತಬೇಡಿ ಅನ್ನುವ ಹತ್ತಾರು ಸಾವಿರ ಕರಪತ್ರ ತೆಗೆದರು. ಅವರಿಗೆ ಕೆಲಸ ಹೋಗುವ ಭಯ ಇರಲಿಲ್ವಾ? ಖಂಡಿತ ಇತ್ತು. ಬಸ್ ಹತ್ತುವವರಲ್ಲಿ ಕಪ್ಪು ಜನರೇ ಜಾಸ್ತಿ, ಹಾಗಾಗಿ ಕಂಪನಿಯ ಗಲ್ಲಾಪೆಟ್ಟಿಗೆಗೇ ಪೆಟ್ಟು ಬಿತ್ತು. 381 ದಿನ ನಡೆದೇ ಓಡಾಡಿದರು, ಇಲ್ಲವೇ ಕಾರು ಹಂಚಿಕೊಂಡರು. ಬಸ್ಸಿನ ಈ ಭೇದಭಾವದ ವಿರುದ್ಧ ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಕೇಸನ್ನು ಹಾಕಿದ್ದೂ ಹೆಂಗಸರೇ.