ಹೊಂಡದ ನೀರು ಹಸಿರಾಗ್ಯಾದ, ಮೀನು ಸಾಯ್ಲಿಕತ್ತಾವ

ಪ್ರಶ್ನೆ: ಸರ, ನಮ್ದು ಯಾದಗಿರಿ ಹತ್ರ ಹಳ್ಳಿ. ಕೃಷಿ ಹೊಂಡದಾಗ ರೋಹು, ಕಾಟ್ಲಾ ಬಿಟ್ಟೀವಿ. ಈ ಬ್ಯಾಸಗ್ಯಾಗ ನೀರಿನ ಮ್ಯಾಲ ಹಸಿರು ಪೇಂಟ್ ಚೆಲ್ಲಿದಂಗ ಆಗ್ಯಾದ, ಮುಂಜಾನೆ ಮೀನು ಮ್ಯಾಲ ಬಂದು ಬಾಯಿ ತಗೀತಾವ, ಕೆಲವು ಸತ್ತು ತೇಲ್ತಾವ. ಪಾಚಿ ಸಾಯ್ಲಿಕ್ಕ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕ್ರಿ ಅಂತಾರ, ಹಾಕ್ಲೇನ್ರಿ? ಎಮ್ಮಿ ಅದೇ ನೀರು ಕುಡೀತಾವ.

ಉತ್ತರ: ಈಗ ಮೈಲುತುತ್ತ ಹಾಕಲೇಬ್ಯಾಡ್ರಿ, ಎಮ್ಮಿ ಇವತ್ತಿಂದಲೇ ಬ್ಯಾರೆ ನೀರಿಗೆ ಬಿಡ್ರಿ. ಉಳಿದದ್ದು ಆಮ್ಯಾಲ ಹೇಳ್ತೀನಿ.

ಮೊದಲು ಒಂದು ಗಾಜಿನ ಬಾಟ್ಲಿ ತುಂಬ ಆ ನೀರು ತಗೊಂಡು ನೆರಳಾಗ ಅಲುಗಾಡಿಸದೆ ಇಡ್ರಿ, ಕೈಗೆ ಗ್ಲೌಸ್ ಇರ್ಲಿ. ಒಂದೆರಡು ತಾಸು ಬಿಟ್ಟು ಹಸಿರು ಮ್ಯಾಲ ಬಂದು ಕೆನಿಗಟ್ಟಿದ್ರ ಅದು ಬಹುತೇಕ ನೀಲಿ-ಹಸಿರು ಪಾಚಿ. ಹೆಸರಿಗಷ್ಟೇ ಪಾಚಿ, ಖರೇ ಹೇಳಬೇಕಂದ್ರ ಸೈನೋಬ್ಯಾಕ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ. ಒಳಗ ಗಾಳಿ ಚೀಲ ಇರ್ತಾವ, ಅದಕ್ಕೆ ತೇಲ್ತದ. ಅದರಾಗ ಮೈಕ್ರೋಸಿಸ್ಟಿಸ್ ಅಂತ ಒಂದು ಜಾತಿ, ನಿಂತ ಬೆಚ್ಚನ ನೀರಿಗೆ ಯೂರಿಯಾ, ಡಿಎಪಿ, ಸಗಣಿ ಹರಿದು ಬಂದ್ರ ಜೋರು ಬೆಳೀತದ.

ಮೀನಿಗೆ ಪೆಟ್ಟು ಎರಡು ಕಡೆಯಿಂದ. ಹಗಲಿಗೆ ಪಾಚಿ ಆಕ್ಸಿಜನ್ ಬಿಡ್ತದ, ರಾತ್ರಿ ತಾನೇ ಎಳಕೋತದ, ಹಿಂಗಾಗಿ ಹೊತ್ತು ಹುಟ್ಟೋ ಮುಂದ ನೀರಾಗ ಆಕ್ಸಿಜನ್ ಭಾಳ ಕಡಿಮಿ ಇರ್ತದ, ನಿಮ್ಮ ಮೀನು ಬಾಯಿ ತಗಿಯೋದು ಅದಕ್ಕೇ. ಎರಡನೇದು ವಿಷ. ಮೈಕ್ರೋಸಿಸ್ಟಿನ್ ಅನ್ನೋ ವಿಷ ಮೀನಿನ ಲಿವರ್ ಕೆಡಿಸ್ತದ, ಕಿವಿರಿಗೂ ಏಟು ಬೀಳ್ತದ, ಸಾಯದೆ ಉಳಿದ ಮೀನೂ ಸರಿಯಾಗಿ ಬೆಳೆಯಲ್ಲ. ಹೊಂಡದಾಗಿನ ಬಸವನಹುಳು, ಚಿಪ್ಪಿನ ಮೈಯಾಗೂ ಈ ವಿಷ ಸೇರಕೋತದ, ಅವನ್ನ ತಿಂದವರಿಗೂ ದಾಟ್ತದ.

ಮೈಲುತುತ್ತ ಯಾಕ ಬ್ಯಾಡ ಅಂದ್ರ, ದಪ್ಪ ಪಾಚಿಗೆ ಅದನ್ನ ಹಾಕಿದ್ರ ಅದು ಒಮ್ಮೆಲೆ ಒಡೆದು ಒಳಗಿನ ವಿಷ ಪೂರಾ ನೀರಿಗೆ ಬರ್ತದ, ಮ್ಯಾಲ ಸತ್ತ ಪಾಚಿ ಕೊಳೆತು ಉಳಿದ ಆಕ್ಸಿಜನ್ನೂ ತಿಂತದ, ಒಂದೇ ರಾತ್ರ್ಯಾಗ ಹೊಂಡ ಖಾಲಿ ಆಗಬಹುದು. ಅದರ ಬದಲಿಗೆ ಮೀನಿನ ಮೇವು ನಿಲ್ಲಿಸ್ರಿ, ನಸುಕಿಗೆ ಪಂಪ್ ಹಚ್ಚಿ ನೀರನ್ನ ಮ್ಯಾಲಿಂದ ಚಿಮ್ಮಿಸಿ ಬೀಳಿಸ್ರಿ, ಬೋರ್ ನೀರು ಇದ್ರ ಸ್ವಲ್ಪ ಸ್ವಲ್ಪ ಸೇರಿಸ್ರಿ, ಗಾಳಿಗೆ ಒಂದು ಮೂಲ್ಯಾಗ ಕೂಡಿದ ಕೆನಿ ತಗದು ದನ ಕರು ಹೋಗದ ಕಡೆ ಹೂಳ್ರಿ. ಹೊಲದ ನೀರು ನೇರ ಹೊಂಡಕ್ಕ ಬರೋ ದಾರಿ ಬಂದ್ ಮಾಡದಿದ್ರ ಮುಂದಿನ ಬ್ಯಾಸಗಿಗೂ ಇದೇ ಗೋಳು.

ಎಮ್ಮಿ ವಿಷಯ ಹಗುರ ತಗೋಬ್ಯಾಡ್ರಿ. 1878ರಾಗ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಾಗ ಇಂಥದೇ ನೀರು ಕುಡಿದು ಕುರಿ, ಕುದುರಿ, ನಾಯಿ ಸತ್ತದ್ದನ್ನ ಜಾರ್ಜ್ ಫ್ರಾನ್ಸಿಸ್ ಅನ್ನೋ ರಸಾಯನ ತಜ್ಞರು ‘ನೇಚರ್’ ಅನ್ನೋ ವಿಜ್ಞಾನ ಪತ್ರಿಕೆಗೆ ಬರೆದಿದ್ರು. ಕುದಿಸಿದ್ರ ನಡೀತದ ಅಂತ ಯಾರಾದ್ರೂ ಅಂದ್ರ ನಂಬಬ್ಯಾಡ್ರಿ, ಮೈಕ್ರೋಸಿಸ್ಟಿನ್ ಕುದಿಸಿದ್ರೂ ಹೋಗಲ್ಲ.

ಸತ್ತು ತೇಲಿದ ಮೀನು ತಿನಬ್ಯಾಡ್ರಿ, ಮಾರಲೂಬ್ಯಾಡ್ರಿ, ನಾಯಿಗೂ ಹಾಕಬ್ಯಾಡ್ರಿ. ಹೊಂಡದ ನೀರು ಒಂದು ಬಾಟ್ಲ್ಯಾಗ, ಈಗಷ್ಟೇ ಸತ್ತ ಮೀನು ಬರ್ಫದಾಗ ಇಟ್ಕೊಂಡು ಮೀನುಗಾರಿಕೆ ಇಲಾಖೆ ಆಫೀಸಿಗೆ ಒಯ್ರಿ, ಪರೀಕ್ಷೆ ಆಗೋತನ ಉಳಿದ ಮೀನೂ ಹಿಡೀಬ್ಯಾಡ್ರಿ.