ಕಾಡಿನಲ್ಲಿ ದನ ಮೇಯಿಸುವುದರಿಂದ ಕಾಳ್ಗಿಚ್ಚು ಕಡಿಮೆಯಾಗುತ್ತದೆಯೇ?

ತಮಿಳುನಾಡಿನ ಈರೋಡ್ ಜಿಲ್ಲೆಯ ಬರಗೂರು ಬೆಟ್ಟದ ಕನ್ನಡಿಗರು ತಲೆತಲಾಂತರದಿಂದ ಹೇಳುತ್ತ ಬಂದಿರುವ ಈ ಮಾತು ನಿಜ, ಆದರೆ ಅರ್ಧ ಮಾತ್ರ. ಇಲ್ಲಿ ಬೆಂಕಿ ಬಹುಮಟ್ಟಿಗೆ ನೆಲಮಟ್ಟದ ಒಣಹುಲ್ಲು ಮತ್ತು ತರಗೆಲೆಗಳ ಮೇಲೆ ಹರಿಯುತ್ತದೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲನ್ನು ಬೇಸಿಗೆಗೆ ಮುಂಚೆಯೇ ದನಗಳು ಮೇಯ್ದು ತುಳಿದರೆ ಜ್ವಾಲೆ ಗಿಡ್ಡವಾಗುತ್ತದೆ, ಹಬ್ಬುವ ವೇಗ ತಗ್ಗುತ್ತದೆ, ಸೊಪ್ಪಿನಿಂದ ಬಡಿದು ಆರಿಸುವವರಿಗೆ ಹತ್ತಿರ ಹೋಗಲು ಸಾಧ್ಯವಾಗುತ್ತದೆ. ತರಗೆಲೆಯನ್ನಂತೂ ದನ ಮುಟ್ಟುವುದಿಲ್ಲ.

ದೊಡ್ಡ ತೊಡಕು ಲಂಟಾನ ಎಂಬ ಕಳೆಪೊದೆ. ಅದರ ಎಲೆ ದನಕ್ಕೆ ವಿಷ. ಹುಲ್ಲನ್ನಷ್ಟೇ ಮೇಯ್ದು ಪೊದೆಯನ್ನು ಬಿಟ್ಟರೆ, ಅತಿಯಾಗಿ ಮೇಯ್ದ ಜಾಗವನ್ನು ಕಾಲಕ್ರಮೇಣ ಅದೇ ಆಕ್ರಮಿಸಿ, ನೆಲದ ಬೆಂಕಿಯನ್ನು ಮರದ ಕೊಂಬೆಯವರೆಗೆ ಏರಿಸುವ ಏಣಿಯಾಗುತ್ತದೆ. ಅದನ್ನು ಕಡಿದು, ಬೇರುಸಹಿತ ಕಿತ್ತೇ ತೆಗೆಯಬೇಕು. ಹೊಸ ಚಿಗುರಿನ ಆಸೆಗೆ ಹುಲ್ಲಿಗೆ ಬೆಂಕಿಯಿಡುವವರಿದ್ದರೆ ಮೇಯಿಸಿದ ಲಾಭವೆಲ್ಲ ಹೋಯಿತೆಂದೇ ಲೆಕ್ಕ.

ಆದ್ದರಿಂದ ಇಡೀ ಕಾಡನ್ನು ಮೇಯಿಸುವುದಕ್ಕಿಂತ ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು, ಪೊದೆ ತೆಗೆದ ಪಟ್ಟಿ), ರಸ್ತೆಯಂಚು ಮತ್ತು ಊರಿನ ಅಂಚುಗಳಲ್ಲಿ ಮೇಯಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಸ್ಪೇನಿನ ಆಂಡಲೂಸಿಯಾದಲ್ಲಿ ಸಾರ್ವಜನಿಕ ಅರಣ್ಯದ ಬೆಂಕಿರೇಖೆಗಳನ್ನು ಮೇಯಿಸುವ ಕುರಿಗಾಹಿಗಳಿಗೆ ಸರ್ಕಾರವೇ ಹಣ ಕೊಡುತ್ತದೆ. ಇಲ್ಲಿ ಅಡ್ಡಿಯಿರುವುದು ಕಾನೂನಿನದು: ಮದ್ರಾಸ್ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ಎಲ್ಲ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಅದೇ ತಿಂಗಳು ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು, 2024ರಲ್ಲಿ ಬರಗೂರಿನ ಸುತ್ತಲ ಕಾಡೂ ತಂದೈ ಪೆರಿಯಾರ್ ಅಭಯಾರಣ್ಯವಾಯಿತು.