ವಾರ್ಸಾದ ಸಿಗಿಸ್ಮಂಡ್ ಸ್ತಂಭ 1644ರದ್ದೇ ಅಥವಾ ಎರಡನೇ ಮಹಾಯುದ್ಧದ ನಂತರ ಹೊಸದಾಗಿ ಕಟ್ಟಿದ್ದೇ?

ಮೇಲಿನ ಪ್ರತಿಮೆ ಮೂಲದ್ದು, ಅದನ್ನು ಹೊತ್ತಿರುವ ಕಂಬ ಹೊಸದು. ರಾಜಧಾನಿಯನ್ನು ಕ್ರಾಕೋವ್‌ನಿಂದ ವಾರ್ಸಾಕ್ಕೆ ತಂದ ಪೋಲೆಂಡಿನ ರಾಜ ಮೂರನೇ ಸಿಗಿಸ್ಮಂಡ್ ವಾಸಾನ ಸ್ಮರಣೆಗಾಗಿ ಅವನ ಮಗ, ನಾಲ್ಕನೇ ವ್ಲಾಡಿಸ್ಲಾವ್, 1644ರಲ್ಲಿ ಅರಮನೆಯ ಮುಂದೆ ಇದನ್ನು ನಿಲ್ಲಿಸಿದನು. ಒಂದು ಕೈಯಲ್ಲಿ ಎತ್ತರದ ಶಿಲುಬೆಯನ್ನೂ ಇನ್ನೊಂದರಲ್ಲಿ ಬಾಗಿದ ಖಡ್ಗವನ್ನೂ ಹಿಡಿದು ನಿಂತಿರುವ ರಾಜನ ಈ ಕಂಚಿನ ಪ್ರತಿಮೆಯನ್ನು ರೂಪಿಸಿದವನು ಇಟಲಿಯ ಶಿಲ್ಪಿ ಕ್ಲೆಮೆಂಟೆ ಮೊಲ್ಲಿ.

ಮೊದಲ ಕಂಬ ಕೆಂಪು ಶಿಲೆಯದ್ದಾಗಿತ್ತು. ಅದು ಶಿಥಿಲವಾದ ಕಾರಣ 1880ರ ದಶಕದಲ್ಲಿ ಗ್ರಾನೈಟ್ ಕಂಬ ಬಂತು. 1944ರ ವಾರ್ಸಾ ದಂಗೆಯ ಸಮಯದಲ್ಲಿ ಜರ್ಮನ್ ಪಡೆಗಳು ಆ ಎರಡನೆಯ ಕಂಬವನ್ನೂ ಉರುಳಿಸಿದವು. ಅಷ್ಟು ಎತ್ತರದಿಂದ ಬಿದ್ದರೂ ಪ್ರತಿಮೆ ಜಖಂಗೊಂಡಿತೇ ಹೊರತು ನಾಶವಾಗಲಿಲ್ಲ. ಅದನ್ನು ದುರಸ್ತಿ ಮಾಡಿ 1949ರಲ್ಲಿ ಹೊಸ ಗ್ರಾನೈಟ್ ಕಂಬದ ಮೇಲೆ ಮತ್ತೆ ಏರಿಸಿದರು.

ಇದನ್ನು ಬರೀ ನಕಲು ಎಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಯುದ್ಧದಲ್ಲಿ ನಾಶವಾದ ಸುತ್ತಲಿನ ಹಳೆಯ ನಗರವನ್ನು ಇಟಲಿಯ ಚಿತ್ರಕಾರ ಬೆಲ್ಲೊಟ್ಟೊ 18ನೇ ಶತಮಾನದಲ್ಲಿ ಬಿಡಿಸಿದ ಚಿತ್ರಗಳ ಮತ್ತು ಯುದ್ಧಪೂರ್ವ ಅಳತೆ ನಕ್ಷೆಗಳ ನೆರವಿನಿಂದ ಪುನಃ ಕಟ್ಟಲಾಯಿತು. ಆ ಮರುನಿರ್ಮಾಣದ ಸಾಧನೆಯನ್ನು ಗುರುತಿಸಿಯೇ 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಎರಡೂ ಕಂಬಗಳ ತುಂಡುಗಳನ್ನು ಅರಮನೆಯ ಪಕ್ಕದಲ್ಲೇ ನೆಲದ ಮೇಲೆ ಮಲಗಿಸಿ ಇಟ್ಟಿದ್ದಾರೆ.